ಬಿಸಿಲು ಬಿಗಿದ ಅಂಟು

ಬಿಸಿಲಿಗೆ ಬಣ್ಣ ಮಾಸುತ್ತದೆಂಬುದು ಎಲ್ಲರೂ ಬಲ್ಲ ಮಾತು. ಅಂಗಳದ ತಂತಿಯ ಮೇಲೆ ಒಣಗಿದ ಸೀರೆಯೂ ಗೋಡೆಗೆ ತೂಗಿದ ಪಟವೂ ಅದಕ್ಕೆ ಸಾಕ್ಷಿ. ಆದರೆ ಅದೇ ಬಿಸಿಲು ಒಂದು ಆಕಾರವನ್ನು ಅಚ್ಚಳಿಯದಂತೆ ನಿಲ್ಲಿಸಲೂ ಬಲ್ಲುದು. ಮದುವೆಯ ಕರೆಯೋಲೆಯ ನೆತ್ತಿಯಲ್ಲಿ ಹೊಳೆಯುವ ಗಣಪತಿ ಎಷ್ಟೋ ವೇಳೆ ಹೀಗೆ ಬೆಳಕಿನಿಂದ ಮೂಡಿದವನು. ಅವನನ್ನು ಕಾಗದಕ್ಕಿಳಿಸುವ ವಿದ್ಯೆಗೆ ಸ್ಕ್ರೀನ್ ಪ್ರಿಂಟಿಂಗ್ ಎಂದು ಹೆಸರು.

ಇದರ ಸಲಕರಣೆ ಬಹು ಸರಳ. ಚೌಕಟ್ಟಿಗೆ ಬಿಗಿದ ನವುರಾದ ಬಟ್ಟೆ. ಅದರ ಕಣ್ಣುಗಳ ಮೂಲಕ ಬಣ್ಣವನ್ನು ಒತ್ತಿ ಇಳಿಸಲು ರಬ್ಬರಿನ ಪಟ್ಟಿ. ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆಯ ಬಟ್ಟೆಯಿಂದ ಹೀಗೆ ಅಚ್ಚುಮಾಡುವ ಕ್ರಮಕ್ಕೆ ಪೇಟೆಂಟ್ ಪಡೆದನು. ಬಣ್ಣ ಎಲ್ಲಿ ಇಳಿಯಬಾರದೋ ಅಲ್ಲಿ ಬಟ್ಟೆಯ ಕಣ್ಣುಗಳನ್ನು ಮುಚ್ಚಬೇಕು. ಆ ಕೆಲಸವನ್ನು ಬೆಳಕಿಗೇ ವಹಿಸುವುದರಲ್ಲಿದೆ ಈ ವಿದ್ಯೆಯ ಸ್ವಾರಸ್ಯ.

ಅದಕ್ಕೆ ಬೇಕಾದ ಲೇಪವನ್ನು ಬಹುಕಾಲ ಕೆಲಸಗಾರರು ತಾವೇ ಕೂಡಿಸಿಕೊಳ್ಳುತ್ತಿದ್ದರು. ಎಲುಬು ತೊಗಲುಗಳಿಂದ ತೆಗೆದ ಜೆಲಟಿನ್ ಎಂಬ ಅಂಟನ್ನು ತಣ್ಣೀರಿನಲ್ಲಿ ನೆನೆಯಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್ ಉಪ್ಪಿನ ದ್ರಾವಣವನ್ನು ಬೆರೆಸಿದರೆ ಲೇಪ ಸಿದ್ಧ. ಮಂದವಾದ ಹಳದಿ ದೀಪದಡಿ ಅದನ್ನು ಬಟ್ಟೆಗೆ ಬಳಿದು ಕತ್ತಲೆಯಲ್ಲಿ ಒಣಗಿಸುವರು. ಪಾರದರ್ಶಕ ಹಾಳೆಯಲ್ಲಿ ಕಪ್ಪಾಗಿ ಬರೆದ ಚಿತ್ರವನ್ನು ಅದರ ಮೇಲಿಟ್ಟು, ಗಾಜು ಹೇರಿ, ಬಿಸಿಲಿಗೊಡ್ಡುವರು. ಬೆಳಕು ತಾಕಿದೆಡೆ ಹಳದಿ ಲೇಪ ಕಂದುಗಟ್ಟುತ್ತದೆ. ಉಪ್ಪಿನೊಳಗಿನ ಕ್ರೋಮಿಯಂ ರೂಪಾಂತರ ಹೊಂದಿ ಜೆಲಟಿನ್ನಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಕಪ್ಪಿನ ಮರೆಯಲ್ಲಿದ್ದ ಭಾಗ ಮಾತ್ರ ಬಿಸಿನೀರಿಗೆ ಕರಗಿ ಹೋಗಿ, ಗಣಪತಿಯ ಆಕಾರದ ಕಿಂಡಿ ತೆರೆಯುತ್ತದೆ. ಲೇಪವನ್ನು ಕತ್ತಲಲ್ಲಿ ಬಚ್ಚಿಟ್ಟರೂ ಅದು ತಾನಾಗಿಯೇ ಗಟ್ಟಿಯಾಗತೊಡಗುವುದರಿಂದ, ಬೇಕಾದಾಗ ಬೇಕಾದಷ್ಟನ್ನೇ ಕೂಡಿಸಬೇಕು.

ಈ ಉಪ್ಪಿಗೂ ಬೆಳಕಿಗೂ ನಂಟುಂಟೆಂದು 1839ರಲ್ಲಿ ಕಂಡವನು ಸ್ಕಾಟ್ಲೆಂಡಿನ ಮಂಗೋ ಪಾಂಟನ್. ಅದರ ದ್ರಾವಣದಲ್ಲಿ ಅದ್ದಿದ ಕಾಗದ ಬಿಸಿಲಿಗೆ ಬಣ್ಣ ತಿರುಗುವುದನ್ನು ಆತ ಗುರುತಿಸಿದನು. ಜೆಲಟಿನ್ ಅದರೊಡನೆ ಸೇರಿ ಬೆಳಕಿಗೆ ಬಿಗಿಯುವ ಗುಣವನ್ನು ಚಿತ್ರ ಕೊರೆಯಲು ಬಳಸಿ 1852ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್.

ಇಷ್ಟು ಅಗ್ಗದ, ಇಷ್ಟು ಸುಲಭದ ವಿದ್ಯೆ ಮನೆಮನೆಗೂ ಏಕೆ ಹಬ್ಬಬಾರದು? ಇಲ್ಲಿದೆ ತೊಡಕು. ಜೆಲಟಿನ್ನನ್ನು ಬಿಗಿಯುವ ಈ ಉಪ್ಪು ಕೈಯ ತೊಗಲನ್ನೂ ಬಿಡುವುದಿಲ್ಲ. ಚಿಕ್ಕ ಗೀರಿನೊಳಗೆ ಹೊಕ್ಕರೆ ಆಳವಾದ ಹುಣ್ಣಾಗುತ್ತದೆ. ಅದು ಹೆಚ್ಚು ನೋಯದೆಯೂ ಇರಬಹುದಾದ್ದರಿಂದ ಅಲಕ್ಷ್ಯ ಸಹಜ. ಧೂಳು ಮೂಗಿಗೆ ಹೋದರೆ ಒಳಗಿನ ನಡುಗೋಡೆ ತೂತಾಗುತ್ತದೆ. ಈ ಬಗೆಯ ಕ್ರೋಮಿಯಂ ಮನುಷ್ಯನಿಗೆ ಕ್ಯಾನ್ಸರ್ ತರುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ನಿರ್ಣಯಿಸಿತು. ಬಚ್ಚಲಿಗೆ ಚೆಲ್ಲಿದ ಹಳದಿ ನೀರು ಅಲ್ಲಿಗೇ ನಿಲ್ಲುವುದೂ ಇಲ್ಲ. ಕೆರೆ ಬಾವಿಗಳ ದಾರಿ ಅದಕ್ಕೆ ಗೊತ್ತು.

ಇಂದು ಕ್ರೋಮಿಯಂ ಇಲ್ಲದ ಡಯಾಜೊ ಲೇಪಗಳು ಸಿಗುತ್ತವೆ. ಪುಡಿಯನ್ನು ನೀರಿನಲ್ಲಿ ಕದಡಿ ಅಂಟಿಗೆ ಬೆರೆಸಿದರಾಯಿತು. ತಂಪಾದ ಕತ್ತಲೆಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಬೆಲೆ ತುಸು ಹೆಚ್ಚು. ಹಳೆಯ ಉಪ್ಪು ಅಗ್ಗವಾಗಿ ಕಂಡದ್ದು ಅದರ ಬೆಲೆಯಲ್ಲೊಂದು ಪಾಲನ್ನು ಕೆಲಸಗಾರನ ಬೆರಳುಗಳು ತೆತ್ತುದರಿಂದ. ಕರೆಯೋಲೆಯ ಗಣಪತಿಯನ್ನು ಕಣ್ಣಿಗೊತ್ತಿಕೊಳ್ಳುವ ನಾವು ಅವನನ್ನು ಅಚ್ಚೊತ್ತಿದ ಕೈಯನ್ನೂ ಒಮ್ಮೆ ನೆನೆದರೆ, ಆ ತುಸು ಹೆಚ್ಚಿನ ಬೆಲೆ ಭಾರವೆನಿಸಲಾರದು.