ಮಳೆಯ ಲೆಕ್ಕ ಇಟ್ಟ ಗುಹೆ

ಭೂಮಿಯ ಇತಿಹಾಸದಲ್ಲಿ ನಾವು ಈಗ ಬದುಕಿರುವ ಕಾಲಘಟ್ಟಕ್ಕೆ ‘ಮೇಘಾಲಯನ್ ಯುಗ’ ಎಂದು ಹೆಸರು. 2018ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ಇದನ್ನು ಅಧಿಕೃತವಾಗಿ ಒಪ್ಪಿತು. ಸುಮಾರು 4,200 ವರ್ಷಗಳ ಹಿಂದೆ ಶುರುವಾದ ಈ ಯುಗದ ಗಡಿಯನ್ನು ಗುರುತಿಸಲು ಆರಿಸಿಕೊಂಡದ್ದು ಮೇಘಾಲಯದ ಸೊಹ್ರಾ, ಅಂದರೆ ಚಿರಾಪುಂಜಿಯ ಹತ್ತಿರವಿರುವ ಮೌಮ್ಲುಹ್ ಗುಹೆಯಲ್ಲಿ ಸಿಕ್ಕಿದ, ಮಾರುದ್ದವೂ ಇಲ್ಲದ ಒಂದು ಸುಣ್ಣದ ಕಂಬವನ್ನು. ಅದಕ್ಕೂ ಹಿಂದಿನ ಎರಡು ಯುಗಗಳ ಗಡಿಗೆ ಗ್ರೀನ್‌ಲ್ಯಾಂಡಿನ ಹಿಮದ ಪದರಗಳು ಸಾಕ್ಷಿ. ನಮ್ಮ ಯುಗಕ್ಕೆ ಮುಂಗಾರಿನ ನೀರು ಕಟ್ಟಿದ ಕಲ್ಲೇ ಸಾಕ್ಷಿ. ಇಷ್ಟಾದರೂ ಸುಣ್ಣದಕಲ್ಲಿನ ಗುಹೆಯೆಂದರೆ ನಮಗೆ ಒಂದೋ ಪ್ರವಾಸಿ ತಾಣ, ಇಲ್ಲವೇ ಸಿಮೆಂಟಿನ ಕಚ್ಚಾವಸ್ತು. ಅದು ಎಲ್ಲಕ್ಕಿಂತ ಮೊದಲು ಒಂದು ದಾಖಲೆ. ಒಳಗೆ ಇಳಿದು ಪೂರ್ತಿ ಅಳೆದು ನಕ್ಷೆ ಬರೆಯುವ ಮುನ್ನ ಮೇಲಿನ ಗುಡ್ಡಕ್ಕೆ ಸಿಡಿಮದ್ದು ಇಡಬಾರದು ಎಂಬುದೇ ನಾನು ಹೇಳಹೊರಟಿರುವುದು.

ಆ ದಾಖಲೆ ಹುಟ್ಟುವ ಬಗೆಯನ್ನು ನೋಡೋಣ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸಣ್ಣಗೆ ಹುಳಿಯಾಗುತ್ತದೆ. ಸುಣ್ಣದಕಲ್ಲಿನ ಬಿರುಕಿಗೆ ಇಳಿದ ಈ ನೀರು ಕಲ್ಲನ್ನು ಕರಗಿಸುತ್ತಾ ಹೋಗಿ, ಸಾವಿರಾರು ವರ್ಷಗಳಲ್ಲಿ ಬಿರುಕು ಸುರಂಗವಾಗುತ್ತದೆ. ಮಳೆಯೊಂದೇ ಇದ್ದರೆ ಸಾಲದು: ಆಗುಂಬೆಯಲ್ಲಿ ಮಳೆಗೆ ಬರವಿಲ್ಲ, ಆದರೆ ಅಡಿಯಲ್ಲಿ ಇಂಥ ದಪ್ಪನೆಯ ಸುಣ್ಣದಕಲ್ಲಿನ ಹಾಸಿಲ್ಲ. ಸೊಹ್ರಾದಲ್ಲಿ ಎರಡೂ ಕೂಡಿವೆ. ಕಲ್ಲನ್ನು ಕರಗಿಸಿಕೊಂಡ ಹನಿ ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಅದರೊಳಗಿನ ಅನಿಲ ಹೊರಟುಹೋಗಿ ಸುಣ್ಣ ಉಳಿಯುತ್ತದೆ; ಗಡಸು ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವ ಹಾಗೆ. ಹನಿ ಬಿದ್ದ ಜಾಗದಲ್ಲಿ ನೆಲದಿಂದ ಮೇಲಕ್ಕೆ ಏಳುವ ಕಂಬವೇ ಸ್ಟಾಲಗ್ಮೈಟ್. ಅದನ್ನು ಉದ್ದಕ್ಕೆ ಸೀಳಿದರೆ ಪದರದ ಮೇಲೆ ಪದರ ಕಾಣುತ್ತದೆ. ಹನಿಯಲ್ಲಿ ಯುರೇನಿಯಂ ಕರಗಿ ಬರುತ್ತದೆ, ಥೋರಿಯಂ ಹೆಚ್ಚುಕಡಿಮೆ ಬರುವುದೇ ಇಲ್ಲ. ಆದ್ದರಿಂದ ಒಂದು ಪದರದಲ್ಲಿ ಯುರೇನಿಯಂ ಕ್ಷಯಿಸಿ ಎಷ್ಟು ಥೋರಿಯಂ ಆಗಿದೆ ಎಂದು ಅಳೆದರೆ ಆ ಪದರದ ವಯಸ್ಸು ತಿಳಿಯುತ್ತದೆ. ಇನ್ನು ಆಮ್ಲಜನಕದ ಭಾರದ ಪರಮಾಣುಗಳು ಹಗುರದವುಗಳಿಗೆ ಹೋಲಿಸಿದರೆ ಎಷ್ಟಿವೆ ಎಂಬುದು ಆ ಕಾಲದ ಮುಂಗಾರಿನ ಬಲವನ್ನು ಹೇಳುತ್ತದೆ: ಮುಂಗಾರು ಬಲವಾಗಿದ್ದಾಗ ಭಾರದವು ಕಡಿಮೆ, ಸೊರಗಿದಾಗ ಹೆಚ್ಚು. ಮೌಮ್ಲುಹ್‌ನ ಕಂಬದಲ್ಲಿ 4,200 ವರ್ಷಗಳ ಹಿಂದಿನ ಪದರದ ಸುತ್ತ ಭಾರದ ಆಮ್ಲಜನಕ ಏರಿತ್ತು, ಅಂದರೆ ಆಗ ಮುಂಗಾರು ಸೊರಗಿತ್ತು.

ಮೇಘಾಲಯದ ಒಂದು ಗುಹೆಯ ಒಂದು ಕಂಬವನ್ನು ನಂಬಿ ಇಡೀ ಭೂಮಿಯ ಯುಗಕ್ಕೆ ಹೆಸರಿಡಬಹುದೇ? ಈ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ವಿಜ್ಞಾನಿಗಳಲ್ಲೇ ಹಲವರು ಇದನ್ನು ಎತ್ತಿದ್ದಾರೆ. ಅದೇ ಗುಹೆಯ ಬೇರೆ ಕಂಬಗಳನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದಾಗ, ಮಳೆ ಒಮ್ಮೆಗೇ ಕುಸಿದಂತೆ ಕಾಣಲಿಲ್ಲ, ಬಿಟ್ಟು ಬಿಟ್ಟು ಬಂದ ಬರಗಾಲಗಳ ಸಾಲು ಕಂಡಿತು. ಸಿಂಧೂ ಕಣಿವೆಯ ನಗರಗಳು ಬರಿದಾದದ್ದಕ್ಕೆ ಈ ಬರವೊಂದೇ ಕಾರಣ ಎಂದು ಹೇಳುವುದೂ ಅವಸರದ ಮಾತಾದೀತು. ಆದರೆ ಈ ಆಕ್ಷೇಪ ಎತ್ತಲು ಸಾಧ್ಯವಾದದ್ದು ಹೇಗೆ ಎಂಬುದನ್ನು ಗಮನಿಸಬೇಕು. ಹೋಲಿಸಿ ನೋಡಲು ಉಳಿದ ಕಂಬಗಳು ಗುಹೆಯೊಳಗೇ ಇದ್ದವು. ಅವು ಪುಡಿಯಾಗಿ ಸಿಮೆಂಟಿನ ಗೂಡಿಗೆ ಸೇರಿದ್ದರೆ ಮೊದಲ ತೀರ್ಮಾನವನ್ನು ತಿದ್ದುವ ದಾರಿಯೇ ಇರುತ್ತಿರಲಿಲ್ಲ.

ಗುಹೆಯ ಅನ್ವೇಷಣೆ ಎಂದರೆ ಸಾಹಸಿಗರ ಹವ್ಯಾಸ ಎಂದುಕೊಂಡವರೇ ಹೆಚ್ಚು. ಸಾಹಸ ಬೇಕೇ ಬೇಕು, ಆದರೆ ಕೆಲಸದ ತಿರುಳು ಅಳತೆ. 1990ರಲ್ಲಿ ಶಿಲ್ಲಾಂಗ್‌ನಲ್ಲಿ ಹುಟ್ಟಿದ ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಷನ್ ವಿದೇಶಿ ಗುಹಾಶೋಧಕರ ಜೊತೆಗೂಡಿ 1992ರಿಂದ ಚಳಿಗಾಲದ ಒಣ ದಿನಗಳಲ್ಲಿ ಈ ಕೆಲಸ ನಡೆಸುತ್ತಾ ಬಂದಿದೆ; ಮಳೆಗಾಲದಲ್ಲಿ ಸುರಂಗಗಳಿಗೆ ನೀರು ನುಗ್ಗುವುದರಿಂದ ಒಳಗೆ ಹೋಗುವಂತಿಲ್ಲ. ಒಂದು ತಿರುವಿನಿಂದ ಮುಂದಿನ ತಿರುವಿಗೆ ದೂರ, ದಿಕ್ಕು, ಇಳಿಜಾರು ಮೂರನ್ನೂ ಅಳೆದು, ಕೆಸರು ಮೆತ್ತಿದ ಪುಸ್ತಕದಲ್ಲಿ ಗೋಡೆಯ ಆಕಾರವನ್ನು ಅಲ್ಲೇ ಗೀಚಿಕೊಂಡು ಮುಂದೆ ಸಾಗುತ್ತಾರೆ. ಹೀಗೆ ತೆವಳಿಕೊಂಡು ಅಳೆದದ್ದರಿಂದಲೇ ಜೈಂತಿಯಾ ಬೆಟ್ಟಗಳ ಕ್ರೆಮ್ ಲಿಯಾಟ್ ಪ್ರಾಹ್ ಗುಹೆ 30 ಕಿ.ಮೀ.ಗಿಂತಲೂ ಉದ್ದವಿದೆ ಎಂದು ಗೊತ್ತಾಯಿತು.

ಸಿಮೆಂಟಿಲ್ಲದೆ ಮನೆಯಿಲ್ಲ, ಗಣಿಯನ್ನು ನಂಬಿದ ಸಂಸಾರಗಳಿವೆ ಎಂಬ ಮಾತೂ ನಿಜ. ಆದರೆ ಸುಣ್ಣದಕಲ್ಲಿನ ಹಾಸು ಗುಹೆಗಿಂತ ಬಹಳ ವಿಸ್ತಾರವಾದದ್ದು. ನಕ್ಷೆ ಕೈಯಲ್ಲಿದ್ದರೆ ಗಣಿಯನ್ನು ಅತ್ತ ಸರಿಸಬಹುದು. ನಕ್ಷೆಯಿಲ್ಲದಿದ್ದರೆ ಕಳೆದುಕೊಂಡದ್ದು ಏನೆಂಬುದೂ ತಿಳಿಯುವುದಿಲ್ಲ. ಸುಣ್ಣದಕಲ್ಲಿನ ನಾಡಿನಲ್ಲಿ ಗಣಿಗೆ ಪರವಾನಗಿ ಕೊಡುವ ಮೊದಲು ಗುಹೆಗಳ ಸರ್ವೆ ಕಡ್ಡಾಯವಾಗಲಿ. ಸೊಹ್ರಾಕ್ಕೆ ಹೋಗುವ ಓದುಗರೂ ಒಂದು ಉಪಕಾರ ಮಾಡಿ: ಹನಿ ಬೀಳುತ್ತಿರುವ ಕಂಬವನ್ನು ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದ ಕಡೆ ಹೊಸ ಸುಣ್ಣ ಸರಿಯಾಗಿ ಕಟ್ಟುವುದಿಲ್ಲ.