ಕಿಂಡಿ ಕಿರಿದು, ನಿರ್ಧಾರ ಹಿರಿದು

ನಗುತ್ತ ಆಡುತ್ತಿರುವ ಕೂಸಿನ ಎದೆಯನ್ನು ಶಸ್ತ್ರಕ್ಕೆ ಒಡ್ಡುವುದು ಯಾವಾಗ ನ್ಯಾಯ? ವೈದ್ಯಶಾಸ್ತ್ರದ ಚರಿತ್ರೆಯನ್ನು ಕುತೂಹಲದಿಂದ ಓದುವ ನನ್ನನ್ನು ಬಹುವಾಗಿ ಕಾಡಿರುವ ಪ್ರಶ್ನೆಯಿದು.

ಕೆಲವು ಶಿಶುಗಳ ಶ್ವಾಸಕೋಶ ಬಸಿರಿನಲ್ಲಿಯೇ ಒಂದೆಡೆ ದಾರಿತಪ್ಪಿ ಬೆಳೆಯುತ್ತದೆ. ಕೆಲವರಲ್ಲಿ ಆ ಭಾಗ ಟೊಳ್ಳು ಗುಳ್ಳೆಗಳ ಗೊಂಚಲಾಗುತ್ತದೆ. ಕೆಲವರಲ್ಲಿ ಶ್ವಾಸನಾಳದ ಸಂಬಂಧವೇ ಇಲ್ಲದೆ, ಮಹಾಧಮನಿಯಿಂದ ನೇರವಾಗಿ ರಕ್ತ ಪಡೆದು, ಮನೆಯೊಳಗಿದ್ದೂ ಮನೆಗೆ ಸೇರದ ನೆಂಟನಂತೆ ಉಳಿಯುತ್ತದೆ. ಹಿಂದೆ ಉಸಿರು ಕಟ್ಟಿದಾಗಲೋ ನ್ಯುಮೋನಿಯಾ ಮರಳಿ ಮರಳಿ ಬಂದಾಗಲೋ ತಿಳಿಯುತ್ತಿದ್ದ ಈ ದೋಷ, ಇಂದು ಗರ್ಭದ 20ನೆಯ ವಾರದ ಸುಮಾರಿನ ಸ್ಕ್ಯಾನಿಂಗಿನಲ್ಲಿಯೇ ಎಷ್ಟೋ ವೇಳೆ ಕಾಣಿಸಿಕೊಳ್ಳುತ್ತದೆ.

ಹಳೆಯ ಕ್ರಮದಲ್ಲಿ ಪಕ್ಕೆಲುಬುಗಳನ್ನು ಅಗಲಿಸಿ ಎದೆಯನ್ನು ತೆರೆಯಬೇಕಾಗಿತ್ತು. ಜೀವವೇನೋ ಉಳಿಯುತ್ತಿತ್ತು, ಆದರೆ ಮೈ ಬೆಳೆದಂತೆಲ್ಲ ಕೆಲವರ ಬೆನ್ನೆಲುಬು ಬಾಗುತ್ತಿತ್ತು, ಹೆಗಲಿನ ಮೂಳೆ ಎದ್ದು ನಿಲ್ಲುತ್ತಿತ್ತು. 1910ರಲ್ಲಿ ಸ್ಟಾಕ್‌ಹೋಮಿನ ಯಾಕೋಬೇಯಸ್ ಕೊಳವೆಯ ಮೂಲಕ ಎದೆಗೂಡಿನೊಳಗೆ ನೋಡುವ ವಿಧಾನವನ್ನು ಪ್ರಕಟಿಸಿದರು. 1970ರ ದಶಕದಲ್ಲಿ ಅಮೆರಿಕದ ಬ್ರಾಡ್ಲಿ ರಾಜರ್ಸ್ ಅದನ್ನು ಮಕ್ಕಳ ಚಿಕಿತ್ಸೆಗೆ ತಂದರು. ಮುಂದೆ ಡೆನ್ವರಿನ ಸ್ಟೀವನ್ ರಾಥೆನ್‌ಬರ್ಗ್ ಅಂತಹ ಕಿಂಡಿಗಳಿಂದಲೇ ಶ್ವಾಸಕೋಶದ ಇಡಿಯ ಹಾಲೆಯನ್ನು ತೆಗೆಯಬಹುದೆಂದು ತೋರಿಸಿಕೊಟ್ಟರು.

ಈ ಕೆಲಸದ ನಯ ಬೆರಗು ಹುಟ್ಟಿಸುವಂಥದು. ಅರಿವಳಿಕೆಯ ವೈದ್ಯರು ಕೂಸನ್ನು ಒಂದೇ ಶ್ವಾಸಕೋಶದಿಂದ ಉಸಿರಾಡಿಸಲು ಯತ್ನಿಸುತ್ತಾರೆ. ಇತ್ತ ಮೆಲ್ಲನೆ ಅನಿಲ ತುಂಬಿ ಮತ್ತೊಂದನ್ನು ಕುಗ್ಗಿಸುತ್ತಾರೆ. 3ರಿಂದ 5 ಮಿಲಿಮೀಟರ್ ದಪ್ಪದ ಸಲಕರಣೆಗಳು ಮೂರು ನಾಲ್ಕು ಕಿಂಡಿಗಳಲ್ಲಿ ಇಳಿದು ರಕ್ತನಾಳಗಳನ್ನು ಒಂದೊಂದಾಗಿ ಬಿಗಿದು ಕತ್ತರಿಸುತ್ತವೆ. ಒಂದು ನಾಳ ಕೈತಪ್ಪಿದರೆ ಎದೆಯನ್ನು ತೆರೆಯದೆ ಗತ್ಯಂತರವಿಲ್ಲದಿರಬಹುದು.

ರೋಗ ಬಾಧಿಸುತ್ತಿರುವ ಮಗುವಿನ ವಿಷಯದಲ್ಲಿ ಸಂದೇಹ ಕಡಿಮೆ. ಬಾಧೆಯೇ ಇಲ್ಲದ ಮಗುವಿನ ಪಾಡೇನು? ಸೋಂಕು ತಗುಲಿ ಅಂಗಗಳು ಒಂದಕ್ಕೊಂದು ಅಂಟಿಕೊಂಡರೆ ಕಿಂಡಿಯ ಕೆಲಸ ಕಷ್ಟ. ಅಪರೂಪಕ್ಕೆ ಅರ್ಬುದವೂ ಅಲ್ಲಿ ಅಡಗಿರುವುದುಂಟು. ಎಳವೆಯಲ್ಲಿ ಉಳಿದ ಶ್ವಾಸಕೋಶ ಬೆಳೆದು ತೆರವನ್ನು ತುಂಬಿಕೊಳ್ಳುತ್ತದೆ. ಆದುದರಿಂದ ಬೇಗ ತೆಗೆಯಿರಿ ಎನ್ನುವರು ಕೆಲವರು. ಎಷ್ಟೋ ಮಕ್ಕಳು ತೊಂದರೆಯಿಲ್ಲದೆ ಬೆಳೆಯುವಾಗ, ಅರಿವಳಿಕೆ ರಕ್ತಸ್ರಾವಗಳ ಅಪಾಯಕ್ಕೆ ಅವರನ್ನೇಕೆ ಒಡ್ಡಬೇಕು, ಕಾದು ನೋಡೋಣ ಎನ್ನುವರು ಮತ್ತೆ ಕೆಲವರು. ಇಬ್ಬರೂ ಅನುಭವಿಗಳೇ.

ಗಾಯ ಕಿರಿದಾದಷ್ಟೂ ಒಪ್ಪಿಗೆ ಸುಲಭವಾಗುತ್ತದೆ. ನಾವು ಎಚ್ಚರದಿಂದಿರಬೇಕಾದುದು ಇಲ್ಲಿಯೇ. ಕಿಂಡಿ ಸಣ್ಣದಾದರೂ ಒಳಗೆ ಕೊಯ್ಯುವ ಹಾಲೆ ಅಷ್ಟೇ ದೊಡ್ಡದು. ಮಾತನಾಡಲು ಬಾರದ ಕೂಸಿನ ಪರವಾಗಿ ರುಜು ಹಾಕುವ ತಂದೆತಾಯಿಗಳಿಗೆ ವೈದ್ಯರು ಎರಡು ಪಕ್ಷಗಳನ್ನೂ ಬಿಡಿಸಿ ಹೇಳಬೇಕು. ಕುಶಲವಾದ ಕೈಯಷ್ಟೇ ಬೆಲೆಯುಳ್ಳದ್ದು ಆ ಮಾತು.