ಆರ್ಕ್ ಹಿಡಿದಿಡುವ ಚೋಕ್

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ವೆಲ್ಡಿಂಗ್ ಅಂಗಡಿಗಳ ಮುಂದೆ ರಿಪೇರಿಗೆ ಟ್ರೇಲರ್‌ಗಳು ಸಾಲುಗಟ್ಟುತ್ತವೆ. ಹಳೆಯ ಟ್ರಾನ್ಸ್‌ಫಾರ್ಮರ್ ವೆಲ್ಡಿಂಗ್ ಮಷಿನ್ ಎತ್ತಲು ಇಬ್ಬರು ಬೇಕು. ಇನ್ವರ್ಟರ್ ಮಷಿನ್ ಒಂದೇ ಕೈಯಲ್ಲಿ ಹೊಲದವರೆಗೂ ಹೋಗುತ್ತದೆ. ಆದರೆ ಕೆಲವು ರಾಡ್ ಹಚ್ಚಿದರೆ ಆರ್ಕ್ ಪದೇ ಪದೇ ಆರುತ್ತದೆ. ಆಗ ಮಿಸ್ತ್ರಿಗಳ ಕಣ್ಣು ಬೀಳುವುದು ಔಟ್‌ಪುಟ್ ಸರ್ಕ್ಯೂಟ್ ಮೇಲೆ.

ಇನ್ವರ್ಟರ್ ಮಷಿನ್ 230 ವೋಲ್ಟ್ ಎಸಿಯನ್ನು ಮೊದಲು ಸುಮಾರು 325 ವೋಲ್ಟ್ ಡಿಸಿ ಮಾಡುತ್ತದೆ. ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತವೆ. ಆವರ್ತನ ಏರಿದಷ್ಟೂ ಟ್ರಾನ್ಸ್‌ಫಾರ್ಮರ್ ಕಿರಿದಾಗುವುದರಿಂದ ಮಷಿನ್ ಇಷ್ಟು ಹಗುರ. ಕೊನೆಗೆ ವೇಗದ ಡಯೋಡ್‌ಗಳು ಮತ್ತೆ ಡಿಸಿ ಮಾಡುತ್ತವೆ, ಚೋಕ್ ಎಂಬ ತಂತಿಯ ಸುರುಳಿ ಕರೆಂಟಿನ ಏರಿಳಿತ ತಗ್ಗಿಸುತ್ತದೆ.

ಚೋಕ್ ಎಂಜಿನ್ನಿನ ಫ್ಲೈವೀಲ್ ಇದ್ದಂತೆ. ಆರ್ಕ್ ಉದ್ದವಾಗಿ ಕರೆಂಟು ಕುಸಿಯತೊಡಗಿದರೆ, ತನ್ನಲ್ಲಿ ಕೂಡಿಟ್ಟ ಶಕ್ತಿಯಿಂದ ಅರೆಕ್ಷಣ ವೋಲ್ಟೇಜ್ ಏರಿಸಿ ಆರ್ಕ್ ಹಿಡಿದಿಡುತ್ತದೆ. ಉದ್ದ ಆರ್ಕ್ ಬೇಡುವ ಸೆಲ್ಯುಲೋಸ್ ಲೇಪದ 6010 ರಾಡ್‌ಗೆ ಸಣ್ಣ ಚೋಕ್ ಸಾಲದು. ಹೊರಗಿನಿಂದ, ವೆಲ್ಡಿಂಗ್ ಕೇಬಲ್ಲಿಗೆ ಸರಣಿಯಲ್ಲಿ, ಇನ್ನೊಂದು ಚೋಕ್ ಸೇರಿಸಿದರೆ ಆರ್ಕ್ ಮೆತ್ತಗಾಗುವುದು ನಿಜ. ಆದರೆ ನೂರು ಆಂಪಿಯರ್ ಡಿಸಿ ಹರಿಯುವಾಗ ಗಾಳಿಯ ಸಂದಿಲ್ಲದ ಕಬ್ಬಿಣದ ಕೋರ್ ಕಾಂತತ್ವದಿಂದ ತುಂಬಿ ಹೋಗಿ, ಚೋಕ್ ಬರೀ ತಂತಿಯಾಗುತ್ತದೆ. ಚೋಕ್ ಅತಿ ದೊಡ್ಡದಾದರೂ ಕರೆಂಟು ನಿಧಾನವಾಗಿ ಏರಿ, ಆರ್ಕ್ ಹೊತ್ತಿಸುವಾಗ ರಾಡ್ ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು, ಮಷಿನ್‌ಗೆ ಬರುವ ಕರೆಂಟಿನ ಬಗ್ಗೆ. ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ, ಗೋಕಾಕ ಕಡೆ ವಿದ್ಯುತ್ ಕಂಪನಿ ಹೆಸ್ಕಾಂ. ತಂತಿ ಯಾರದ್ದಾದರೂ ಲೈನು ಉದ್ದವಾಗಿ ಲೋಡ್ ಹೆಚ್ಚಿದರೆ ವೋಲ್ಟೇಜ್ ಇಳಿಯುತ್ತದೆ. ಒಳಗೆ ಬರುವುದು 180 ವೋಲ್ಟ್ ಆದರೆ ಮಷಿನ್ನಿನೊಳಗಿನ 325 ವೋಲ್ಟ್ 255ರ ಆಸುಪಾಸಿಗೆ ಕುಸಿಯುತ್ತದೆ. ಸಾದಾ ಮಷಿನ್‌ಗಳಲ್ಲಿ ಅದೇ ಪ್ರಮಾಣದಲ್ಲಿ, ಆರ್ಕ್ ಹಿಡಿದಿಡಲು ಔಟ್‌ಪುಟ್ಟಿನಲ್ಲಿರುವ ಮೀಸಲು ವೋಲ್ಟೇಜೂ ತಗ್ಗುತ್ತದೆ. ಕೂಡಿಟ್ಟದ್ದನ್ನು ಕೊಡುವ ಚೋಕ್, ಬರದೇ ಇದ್ದ ವೋಲ್ಟೇಜನ್ನು ಎಲ್ಲಿಂದ ತಂದೀತು?

ಹಾಗಾಗಿ ಮಷಿನ್ ಬಿಚ್ಚುವ ಮೊದಲು, ಆರ್ಕ್ ಉರಿಯುತ್ತಿರುವಾಗಲೇ ಪ್ಲಗ್ಗಿನ ಬಳಿಯ ವೋಲ್ಟೇಜನ್ನು ತಿಳಿದವರಿಂದ ಅಳೆಸಿ. ತೆಳುವಾದ ಎಕ್ಸ್‌ಟೆನ್ಷನ್ ವಯರ್ ಇದ್ದರೆ ದಪ್ಪದ್ದು ಹಾಕಿ, ಅರ್ಥ್ ಕ್ಲಾಂಪ್ ಹಿಡಿಯುವ ಜಾಗದ ತುಕ್ಕು ಉಜ್ಜಿ ತೆಗೆಯಿರಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ; ಡಬ್ಬಿಯ ಒಳಗಿನ ಕೆಲಸ ಬಲ್ಲವರಿಗೇ ಇರಲಿ.